ಹಸುವಿನ ಕ್ಯಾಲ್ಸಿಯಂ ಟಾನಿಕ್ ಮೊಲಕ್ಕೆ ಹಾಕಬೇಡಿ: ನಾನು 11 ಮೊಲ ಕಳಕೊಂಡೆ

ಪಾಂಡವಪುರದ ಹತ್ತಿರ ನಮ್ಮೂರಿನಲ್ಲಿ ಮೂರು ಯೂನಿಟ್, ಅಂದರೆ 21 ಹೆಣ್ಣು, 9 ಗಂಡು ಮೊಲ ಸಾಕಿದ್ದೆ. ಅದರಲ್ಲಿ 11 ಈಗ ಇಲ್ಲ. ಅವು ಯಾವ ಅಂಟುರೋಗದಿಂದಲೂ ಸಾಯಲಿಲ್ಲ, ನಾನು ಕೈಯಾರೆ ಕಲಸಿ ಹಾಕಿದ್ದರಿಂದ ಸತ್ತವು. ಮಂಡ್ಯ, ಮೈಸೂರು ಕಡೆ ಹೊಸದಾಗಿ ಮೊಲ ಸಾಕುತ್ತಿರುವವರು ದಯವಿಟ್ಟು ಪೂರ್ತಿ ಓದಿ.

ಚೊಚ್ಚಲ ಮರಿ ಹಾಕಿದ ಒಂದು ತಾಯಿ ಮೊಲ ರಾತ್ರಿ ಎರಡು ಮರಿಗಳನ್ನು ತಿಂದುಬಿಟ್ಟಿತ್ತು. ಬೆಳಿಗ್ಗೆ ಗೂಡಿನ ಪೆಟ್ಟಿಗೆ ತೆಗೆದು ನೋಡಿದ ನಮ್ಮಮ್ಮ ಅವತ್ತೆಲ್ಲ ಸರಿಯಾಗಿ ಊಟ ಮಾಡಲಿಲ್ಲ. ಫೀಡ್ ಅಂಗಡಿಯವನಿಗೆ ಹೇಳಿದೆ. "ಕ್ಯಾಲ್ಸಿಯಂ ಕಮ್ಮಿಯಾದ್ರೆ ಹಂಗೇ ಅಣ್ಣ, ಮರಿ ತಿಂದ್ಬುಡ್ತವೆ" ಅಂತ ಒಂದು ಕ್ಯಾನ್ ಟಾನಿಕ್, ಒಂದು ಪ್ಯಾಕೆಟ್ ಮಿನರಲ್ ಮಿಕ್ಸ್ಚರ್ ಕೊಟ್ಟ. "ಇದು ಹಸುಗಲ್ವೇನಪ್ಪ ಕೊಡೋದು?" ಅಂದೆ. "ಹಸುಗೆ ಆಯ್ತದೆ ಅಂದ್ಮೇಲೆ ಮೊಲುಕ್ಕೆ ಆಗಲ್ವಾ?" ಅಂದ. ಕ್ಯಾನಿನ ಮೇಲೆ ಹಸು, ಎಮ್ಮೆ, ಕರುವಿಗೆ ಎಷ್ಟೆಷ್ಟು ಅಂತ ಬರೆದಿತ್ತು. ಮೊಲದ ಹೆಸರೇ ಇರಲಿಲ್ಲ. ನಾನು ಅಲ್ಲೇ ನಿಲ್ಲಿಸಬೇಕಿತ್ತು.

ದಿನಕ್ಕೆ ನಾಲ್ಕು ಕೆ.ಜಿ. ಪೆಲೆಟ್‌ಗೆ (ಗುಳಿಗೆಯ ಹಾಗಿರುವ ಸಿದ್ಧ ಆಹಾರ) 200 ಮಿ.ಲೀ. ಟಾನಿಕ್ ಚಿಮುಕಿಸಿ, ಒಂದು ಹಿಡಿ ಮಿನರಲ್ ಪುಡಿ ಉದುರಿಸಿ ಹಾಕುತ್ತಿದ್ದೆ. ಸಾಲದು ಅಂತ ರೇಷ್ಮೆ ಸೊಪ್ಪು ಬೇರೆ. ಹಿಪ್ಪುನೇರಳೆ ಎಲೆಯಲ್ಲೇ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಜಾಸ್ತಿ ಇರುತ್ತೆ ಅನ್ನೋದು ಆಗ ತಲೆಗೆ ಹೊಳೆಯಲಿಲ್ಲ. ಒಂದು ತಿಂಗಳು ಏನೂ ಗೊತ್ತಾಗಲಿಲ್ಲ. ಎರಡನೇ ತಿಂಗಳು ಪಂಜರದ ಕೆಳಗಿನ ತಟ್ಟೆ ತೊಳೆಯೋಕೆ ಹೋದರೆ ಉಚ್ಚೆ ಒಣಗಿ ಗೋಡೆಗೆ ಬಳಿದ ಸುಣ್ಣದ ಹಾಗೆ ಗಟ್ಟಿ ಕೂತಿತ್ತು, ಕರಣೆಯಲ್ಲಿ ಕೆರೆದು ತೆಗೆಯಬೇಕಾಯ್ತು. ಮೊಲದ ಉಚ್ಚೆ ಸ್ವಲ್ಪ ಮಬ್ಬಾಗಿ ಬೆಳ್ಳಗಿರೋದು ಸಹಜವೇ. ಆದರೆ ಇದು ಟೂತ್‌ಪೇಸ್ಟಿನ ಹಾಗೆ ಮಂದವಾಗಿ, ಹಿಂಗಾಲಿನ ಕೂದಲಿಗೆಲ್ಲ ಮೆತ್ತಿಕೊಂಡಿತ್ತು. ಆಮೇಲೆ ಒಂದೊಂದೇ ಮೇವು ಬಿಟ್ಟವು. ಬೆನ್ನು ಗೂನು ಮಾಡಿಕೊಂಡು ಮೂಲೆಯಲ್ಲಿ ಕೂರೋದು, ಉಚ್ಚೆ ಹೊಯ್ಯುವಾಗ ಹಲ್ಲು ಕಡಿಯೋದು. ನೀರು ಮಾತ್ರ ಕುಡಿದೇ ಕುಡಿಯೋವು.

ಐದನೆಯದು ಸತ್ತಾಗ ಪಶು ಆಸ್ಪತ್ರೆಗೆ ಎತ್ತಿಕೊಂಡು ಹೋದೆ. ಡಾಕ್ಟರು ನನ್ನೆದುರೇ ಕೊಯ್ದು ತೋರಿಸಿದರು. ಮೂತ್ರಕೋಶದ ತುಂಬ ಮರಳು ಮರಳಾದ ಬಿಳಿ ಪೇಸ್ಟು. ಕಿಡ್ನಿ ಬಿಳಿಚಿಕೊಂಡು, ಕತ್ತರಿ ಆಡಿಸಿದರೆ ಕರಕರ ಅನ್ನುತ್ತಿತ್ತು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಮುಟ್ಟಿ ನೋಡಿ ಅಂದರು. ಮೆತ್ತಗೆ ರಬ್ಬರಿನ ಹಾಗಿರಬೇಕಾದ್ದು ಕಡ್ಡಿಯ ಹಾಗೆ ಸೆಟೆದಿತ್ತು. ಆ ಬೆರಳಿನ ನೆನಪು ನನಗೆ ಇನ್ನೂ ಹೋಗಿಲ್ಲ.

ಅವರು ಹೇಳಿದ್ದು ಇಷ್ಟು. ಹಸು ಆಗಲಿ ನಾವಾಗಲಿ ಮೈಗೆ ಬೇಕಾದಷ್ಟು ಕ್ಯಾಲ್ಸಿಯಂ ಹೀರಿಕೊಂಡು ಮಿಕ್ಕಿದ್ದನ್ನು ಹೆಚ್ಚಾಗಿ ಮಲದಲ್ಲೇ ಬಿಡುತ್ತೇವೆ. ಮೊಲ ಹಾಗಲ್ಲ. ಮೇವಿನಲ್ಲಿ ಹೆಚ್ಚು ಇದ್ದಷ್ಟೂ ಹೆಚ್ಚು ರಕ್ತಕ್ಕೆ ಸೇರುತ್ತೆ, ಬೇಡದ್ದು ಕಿಡ್ನಿಯ ಮೂಲಕವೇ ಹೊರಗೆ ಹೋಗಬೇಕು. ಅದರ ಮೇಲೆ ಟಾನಿಕ್‌ನಲ್ಲಿ ವಿಟಮಿನ್ ಡಿ3 ಇರುತ್ತೆ, ಅದು ಅತಿಯಾದರೆ ಸುಣ್ಣ ಮೂಳೆ ಬಿಟ್ಟು ರಕ್ತನಾಳ, ಕಿಡ್ನಿಯಲ್ಲಿ ಕೂರುತ್ತೆ. ಮನೆಗೆ ಬಂದು ಲೆಕ್ಕ ಹಾಕಿದೆ. ನನ್ನ ಕ್ಯಾನಿನಲ್ಲಿ 100 ಮಿ.ಲೀ.ಗೆ 8,000 ಐ.ಯು. (ವಿಟಮಿನ್ ಅಳೆಯುವ ಮಾನ) ಡಿ3. ನಾಲ್ಕು ಕೆ.ಜಿ. ಪೆಲೆಟ್‌ಗೆ 200 ಮಿ.ಲೀ. ಅಂದರೆ ಕೆ.ಜಿ.ಗೆ 4,000. ಮೊಲದ ಆಹಾರದಲ್ಲಿ ಕೆ.ಜಿ.ಗೆ 1,000 ಆಸುಪಾಸು ಇದ್ದರೆ ಸಾಕು, ಅಷ್ಟನ್ನು ಪೆಲೆಟ್ ಮಾಡುವವರೇ ಮೊದಲೇ ಸೇರಿಸಿರುತ್ತಾರೆ. ಟಾನಿಕ್ ಅವತ್ತೇ ನಿಲ್ಲಿಸಿದೆ, ಆದರೂ ಇನ್ನು ಆರು ಉಳಿಯಲಿಲ್ಲ.

ಮೊಲದ ಪೆಲೆಟ್ ಕೊಡುತ್ತಿದ್ದರೆ ಅದರಲ್ಲೇ ಖನಿಜ ಇರುತ್ತೆ. ಚೀಲದ ಮೇಲಿನ ಚೀಟಿ ಓದಿ. ಬೆಳೆಯುವ ಮೊಲಕ್ಕೆ ಕ್ಯಾಲ್ಸಿಯಂ ಶೇ. 0.4ರಿಂದ 0.8, ಹಾಲೂಡುವ ತಾಯಿಗೆ ಶೇ. 1.2ರಷ್ಟು ಇದ್ದರೆ ಆಯ್ತು. ಬೂಸಾ, ಜೋಳ, ಹಿಂಡಿ ಹಾಕಿ ಮನೆಯಲ್ಲೇ ಕಲಸುವವರಿಗೆ ಮಿನರಲ್ ಮಿಕ್ಸ್ಚರ್, ಉಪ್ಪು ಬೇಕೇ ಬೇಕು, ಆದರೆ ಎಷ್ಟು ಅಂತ ಪಶುವೈದ್ಯರ ಹತ್ತಿರ ಬರೆಸಿಕೊಂಡು ತಕ್ಕಡಿಯಲ್ಲಿ ತೂಗಿ ಹಾಕಿ. ನನ್ನ ಹಾಗೆ ಹಿಡಿಯ ಲೆಕ್ಕ ಬೇಡ. ಮೊಟ್ಟೆ ಕೋಳಿ ಫೀಡ್ ಅಗ್ಗ ಅಂತ ಮೊಲಕ್ಕೆ ಹಾಕುವವರನ್ನೂ ನೋಡಿದ್ದೇನೆ. ಅದರಲ್ಲಿ ಕ್ಯಾಲ್ಸಿಯಂ ಶೇ. 3.5ರಿಂದ 4 ಇರುತ್ತೆ, ದಯವಿಟ್ಟು ಹಾಕಬೇಡಿ. ಕೆಲವು ಕೋಳಿ ಫೀಡ್‌ಗೆ ರಕ್ತಭೇದಿ ತಡೆಯಲು ಸೇರಿಸುವ ಔಷಧಿಯೂ ಮೊಲಕ್ಕೆ ವಿಷವಾಗಬಹುದು. ತಟ್ಟೆಯಲ್ಲಿ ಬಿಳಿ ಪೇಸ್ಟ್ ಕಂಡರೆ ಕಾಯಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ.

ಮರಿ ತಿಂದ ಆ ತಾಯಿ ಮೊಲ ಬದುಕಿದೆ. ಅವತ್ತು ರಾತ್ರಿ ಅದರ ನೀರಿನ ನಳಿಕೆ ಕಟ್ಟಿಕೊಂಡಿತ್ತು, ನಾಯಿಯನ್ನು ಪಂಜರದ ಪಕ್ಕದಲ್ಲೇ ಕಟ್ಟಿದ್ದೆವು. ಬಾಯಾರಿಕೆ, ಹೆದರಿಕೆಯಿಂದಲೇ ಮರಿ ತಿಂದಿರಬೇಕು, ಕ್ಯಾಲ್ಸಿಯಂ ಕಮ್ಮಿಯಾಗಿ ಅಲ್ಲ. ಈ ಸಲ ನಾಯಿಯನ್ನು ಹಿತ್ತಲಿಗೆ ಕಟ್ಟಿ, ನೀರಿಗೆ ಎರಡು ಮಣ್ಣಿನ ಬಟ್ಟಲು ಇಟ್ಟೆವು. ಏಳು ಮರಿ ಹಾಕಿದೆ, ಏಳೂ ಕಣ್ಣು ಬಿಟ್ಟಿವೆ.