ಹಗುರ ಚೈನ್ ಗೈಡ್ ಕೊಳ್ಳುವ ಮುನ್ನ: ಏಟು ಬಿದ್ದಾಗ ಮೊದಲು ಮುರಿಯುವುದು ಯಾವುದು?

ಚೈನ್ ಗೈಡ್ ಎಂದರೆ ಚೈನ್ ಮುಂದಿನ ಹಲ್ಲುಚಕ್ರದಿಂದ ಜಾರದಂತೆ ಹಿಡಿದಿಡುವ ಭಾಗ. ಬೆಟ್ಟದ ಇಳಿಜಾರಿಗೆಂದೇ ಮಾಡಿದ ಒಂದು ಡೌನ್‌ಹಿಲ್ ಬೈಕಿನಲ್ಲಿ ಹಗುರ ಗೈಡ್‌ನ ಅಡಿಕಾವಲು ಉಳಿಯಿತು, ಫ್ರೇಮ್ ಹೋಯಿತು. ಹಾಗೆ ಏಕಾಯಿತು ಎಂಬುದನ್ನು ಇಲ್ಲಿ ಬಿಡಿಸಿ ಬರೆದಿದೆ. ತಯಾರಕರ ಹೆಸರು ಬೇಡ. ಇದೇ ವಿನ್ಯಾಸ ಹಲವು ಹೆಸರುಗಳಲ್ಲಿ ಮಾರಾಟಕ್ಕಿದೆ. ಒಂದನ್ನು ಬಿಟ್ಟು ಅಂಥದ್ದೇ ಇನ್ನೊಂದನ್ನು ತಂದರೆ ಏನೂ ಸಾಧಿಸಿದಂತಾಗುವುದಿಲ್ಲ. ದೋಷ ಎಲ್ಲಿದೆ ಎಂದು ಕೈಯಲ್ಲಿ ಹಿಡಿದು ನೋಡಿಯೇ ಗುರುತಿಸಲು ಬರಬೇಕು.

ಬೈಕಿನ ವಿವರ ಇಷ್ಟು: ಕಾರ್ಬನ್ ಫ್ರೇಮ್, ಬಾಟಂ ಬ್ರಾಕೆಟ್ (ಪೆಡಲಿನ ಅಚ್ಚು ಕೂರುವ ಜಾಗ) ಸುತ್ತ ಗೈಡ್ ಬಿಗಿಯಲು ಐಎಸ್‌ಸಿಜಿ 05 ಎಂಬ ಅಳತೆಯ ಮೂರು ಕಿವಿಗಳು, 34 ಹಲ್ಲಿನ ನ್ಯಾರೋ-ವೈಡ್ ಚೈನ್‌ರಿಂಗ್ (ಒಂದು ತೆಳು, ಒಂದು ದಪ್ಪ ಹಲ್ಲಿರುವ ಮುಂದಿನ ಹಲ್ಲುಚಕ್ರ), ಚೈನ್ ಕುಣಿಯದಂತೆ ತಡೆಯುವ ಕ್ಲಚ್ ಇರುವ ಡಿರೇಲರ್ (ಗೇರ್ ಬದಲಿಸುವ ಭಾಗ). ಗೈಡ್‌ನಲ್ಲಿ 2 ಮಿ.ಮೀ. ದಪ್ಪದ ಕಾರ್ಬನ್ ಬ್ಯಾಕ್‌ಪ್ಲೇಟ್, ಮೇಲೆ ಚೈನನ್ನು ಸುತ್ತುವರಿಯುವ ಕೇಜ್, ಕೆಳಗೆ ಚೈನ್ ಜಾರುವ ಸ್ಲೈಡರ್, ಚೈನ್‌ರಿಂಗ್‌ನ ಅಡಿಯನ್ನು ಕಾಯುವ ಟ್ಯಾಕೊ. ಪೆಟ್ಟಿಗೆಯ ಮೇಲೆ ಬರೆದಿದ್ದ ತೂಕ 95 ಗ್ರಾಂ. ತಕ್ಕಡಿಗೆ ಹಾಕಿದಾಗ ಗೊತ್ತಾದದ್ದು, ಆ 95 ಗ್ರಾಂನಲ್ಲಿ ಟ್ಯಾಕೊ ಇಲ್ಲ, ಬೋಲ್ಟ್ ಇಲ್ಲ, ಸ್ಪೇಸರ್ ಇಲ್ಲ. ಎಲ್ಲ ಸೇರಿಸಿದರೆ 148.

ಡ್ರಾಪ್ (ಹಾದಿಯಲ್ಲಿನ ದಿಢೀರ್ ಇಳಿಕೆ) ಇಳಿದ ಮೇಲೆ ಬೈಕಿನ ಹೊಟ್ಟೆ ಬಂಡೆಯ ಅಂಚಿಗೆ ತಗುಲಿತು. ಅಂಥ ಏಟನ್ನು ತಿನ್ನಲೆಂದೇ ಟ್ಯಾಕೊ ಇರುವುದು. ಈ ಟ್ಯಾಕೊ ದಪ್ಪವಾಗಿತ್ತು, ಗಟ್ಟಿಯಾಗಿತ್ತು. ಒಂದು ಗೀರು ಬಿಟ್ಟರೆ ಅದಕ್ಕೆ ಏನೂ ಆಗಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿ. ತಾನು ಮುರಿಯದ ಟ್ಯಾಕೊ ಏಟನ್ನು ಪೂರ್ತಿಯಾಗಿ ಬ್ಯಾಕ್‌ಪ್ಲೇಟಿಗೆ ದಾಟಿಸಿತು. ತೆಳು ಕಾರ್ಬನ್ ಪ್ಲೇಟ್ ಒಳಕ್ಕೆ ತಿರುಚಿಕೊಂಡಿತು, ಅದರ ಬೋಲ್ಟ್ ತೂತುಗಳು ಮೊಟ್ಟೆಯಾಕಾರಕ್ಕೆ ಎಳೆದುಹೋದವು. ಕಿವಿಗೆ ಕಚ್ಚಿದ್ದ ಸ್ಟೀಲ್ ಬೋಲ್ಟ್‌ಗಳು ಅಲುಗಲಿಲ್ಲ. ಏಟು ಹೊರಲು ಉಳಿದದ್ದು ಫ್ರೇಮಿನ ಕಿವಿಯೊಂದೇ. ಮುಂದಿನ ಕೆಳಗಿನ ಕಿವಿ ಬುಡದಲ್ಲೇ ಸೀಳಿತು.

ಅಷ್ಟಕ್ಕೇ ಮುಗಿಯಲಿಲ್ಲ. ತಿರುಚಿದ ಪ್ಲೇಟಿನ ಜೊತೆ ಕೆಳಗಿನ ಸ್ಲೈಡರ್ ಕೂಡ ಸರಿದು ಚೈನನ್ನು ಒಳಗಡೆಗೆ ತಳ್ಳಿತು. ಚೈನ್ ರಿಂಗಿನಿಂದ ಇಳಿದು ರಿಂಗ್ ಮತ್ತು ಚೈನ್‌ಸ್ಟೇ (ಹಿಂದಿನ ಚಕ್ರದತ್ತ ಹೋಗುವ ಫ್ರೇಮಿನ ಕೆಳ ಕೊಳವೆ) ನಡುವೆ ಸಿಕ್ಕಿಕೊಂಡಿತು. ಆಮೇಲಿನ ಅರ್ಧ ಸುತ್ತು ಪೆಡಲ್ ಸಿಕ್ಕ ಚೈನನ್ನು ಇನ್ನಷ್ಟು ಎಳೆಯಿತು. ಕೊಡಲು ಸಡಿಲ ಉಳಿಯದೆ ಡಿರೇಲರ್ ಮುಂದಕ್ಕೆ ಜಗ್ಗಿ ಅದನ್ನು ಹಿಡಿದಿರುವ ಹ್ಯಾಂಗರ್ ಬಾಗಿತು, ಚೈನ್‌ಸ್ಟೇ ಮೇಲೆ ನಾರು ಕಾಣುವಷ್ಟು ಗಾಯವಾಯಿತು. ಹ್ಯಾಂಗರ್ ಬದಲಿಸಬಹುದು. ಕಾರ್ಬನ್ ಫ್ರೇಮಿನ ಕಿವಿಯ ಬುಡ ಸೀಳಿದರೆ ಅದು ಹಾಗಲ್ಲ.

2015ರಲ್ಲಿ ಆಸ್ಟ್ರಿಯಾದ ಲಿಯೋಗಾಂಗ್‌ನ ಡೌನ್‌ಹಿಲ್ ವಿಶ್ವಕಪ್‌ನಲ್ಲಿ ಅಮೆರಿಕದ ಸವಾರ ಆರನ್ ಗ್ವಿನ್ ಅವರ ಚೈನ್ ಶುರುವಿನಲ್ಲೇ ತುಂಡಾಯಿತು, ಆದರೂ ಅವರು ಗೆದ್ದರು. ಇಳಿಜಾರಿನಲ್ಲಿ ಚೈನ್ ಇಲ್ಲದಿದ್ದರೂ ನಡೆಯುತ್ತದೆ, ಗೈಡ್‌ಗೆ ಯಾಕಿಷ್ಟು ತಲೆಬಿಸಿ ಎಂದು ವಾದಿಸುವವರು ಇದನ್ನೇ ಎತ್ತುತ್ತಾರೆ. ಆದರೆ ತುಂಡಾದ ಚೈನ್ ಬೇರೆ, ಸಿಕ್ಕಿಕೊಂಡ ಚೈನ್ ಬೇರೆ. ಮೊದಲನೆಯದರಲ್ಲಿ ಬೈಕ್ ಉರುಳುತ್ತಲೇ ಹೋಗುತ್ತದೆ. ಎರಡನೆಯದರಲ್ಲಿ ಚೈನ್ ಚಕ್ರದ ಕಡ್ಡಿಗಳಿಗೆ ಸುತ್ತಿಕೊಂಡರೆ ಹಿಂದಿನ ಚಕ್ರವೇ ಕಚ್ಚಿಕೊಳ್ಳಬಹುದು.

ಹಾಗಾದರೆ ಗೈಡ್ ಕೈಗೆ ಬಂದಾಗ ಮೊದಲು ಏನನ್ನು ನೋಡಬೇಕು? ತೂಕವನ್ನಲ್ಲ. ಬಂಡೆಯಿಂದ ಫ್ರೇಮಿನವರೆಗೆ ಏಟು ನಡೆಯುವ ದಾರಿಯನ್ನು ಬೆರಳಿನಿಂದ ತೋರಿಸುತ್ತಾ ಹೋಗಿ: ಟ್ಯಾಕೊ, ಟ್ಯಾಕೊದ ಬೋಲ್ಟ್, ಬ್ಯಾಕ್‌ಪ್ಲೇಟ್, ಕಿವಿಯ ಬೋಲ್ಟ್, ಕಿವಿ. ಮುರಿಯುವುದೂ ಇದೇ ಕ್ರಮದಲ್ಲಿ ಆಗಬೇಕು. ಟ್ಯಾಕೊ ಸ್ವಲ್ಪ ಬಾಗಿ, ಸವೆದು, ಕೊನೆಗೆ ಸೀಳಿ ಹೋಗಬೇಕು. ಅದನ್ನೂ ಮೀರಿದ ಏಟಿಗೆ ಟ್ಯಾಕೊದ ಬೋಲ್ಟ್ ಕತ್ತರಿಸಬೇಕು ಅಥವಾ ಬ್ಯಾಕ್‌ಪ್ಲೇಟ್ ಬಾಗಬೇಕು. ಕಿವಿ ಕಟ್ಟಕಡೆಯದು. ಮೇಲೆ ಹೇಳಿದ ಗೈಡ್‌ನಲ್ಲಿ ಈ ಕ್ರಮ ತಲೆಕೆಳಗಾಗಿತ್ತು: ಗ್ರಾಂ ಉಳಿಸಲು ನಡುವಿನ ಪ್ಲೇಟನ್ನು ತೆಳುಮಾಡಿ, ಎರಡೂ ತುದಿಗಳನ್ನು ಗಟ್ಟಿ ಬಿಟ್ಟಿದ್ದರು.

ಟ್ಯಾಕೊವನ್ನು ಎರಡೂ ಕೈಯಲ್ಲಿ ಹಿಡಿದು ತುಸು ತಿರುಚಿ ನೋಡಿ. ಟ್ಯಾಕೊ ಅಲ್ಲಾಡದೆ ಬ್ಯಾಕ್‌ಪ್ಲೇಟ್ ಬಾಗಿದರೆ ಆ ಗೈಡ್ ಬೇಡ. ಟ್ಯಾಕೊ ಬ್ಯಾಕ್‌ಪ್ಲೇಟಿಗೆ ಎಷ್ಟು ಅಗಲವಾಗಿ ಒರಗುತ್ತದೆ ಎಂಬುದನ್ನೂ ಗಮನಿಸಿ. ಎರಡು ಬೋಲ್ಟ್‌ಗಳು ಹತ್ತಿರ ಹತ್ತಿರ ಇದ್ದು ಟ್ಯಾಕೊದ ಉದ್ದ ಹೊರಗೆ ಚಾಚಿಕೊಂಡಿದ್ದರೆ ಅದು ಸನ್ನೆಕೋಲಿನಂತೆ ಪ್ಲೇಟನ್ನು ಮೀಟುತ್ತದೆ. ಬೋಲ್ಟ್‌ಗಳು ದೂರ ದೂರ ಇದ್ದಷ್ಟೂ, ಅವು ಐಎಸ್‌ಸಿಜಿ ಕಿವಿಗಳ ಸಾಲಿಗೆ ಹತ್ತಿರವಾದಷ್ಟೂ ಒಳ್ಳೆಯದು.

ಬ್ಯಾಕ್‌ಪ್ಲೇಟಿಗೆ ಅಲ್ಯೂಮಿನಿಯಂ ಒಳ್ಳೆಯದು ಎಂಬುದು ಇಲ್ಲಿನ ಸ್ಪಷ್ಟ ಅಭಿಪ್ರಾಯ. 6061 ಎಂಬ ಅಲ್ಯೂಮಿನಿಯಂ ಮಿಶ್ರಲೋಹ ಬಾಗುತ್ತದೆ, ಬಾಗಿದ್ದು ಕಣ್ಣಿಗೆ ಕಾಣುತ್ತದೆ. 7075 ಹೆಚ್ಚು ಗಟ್ಟಿ, ಅಷ್ಟೇ ತೆಳುವಾಗಿ ಮಾಡಬಹುದು. ಆದರೆ ಒಮ್ಮೆ ಬಾಗಿದ ಮೇಲೆ ಸುತ್ತಿಗೆಯಿಂದ ನೆಟ್ಟಗೆ ಮಾಡಲು ಹೋಗಬೇಡಿ, ಬಿರುಕು ಬಿಡುತ್ತದೆ. ಕಾರ್ಬನ್ ಪ್ಲೇಟ್ ಪೂರ್ತಿ ತಿರಸ್ಕರಿಸಬೇಕಾದ್ದೇನಲ್ಲ. ಬೋಲ್ಟ್ ತೂತುಗಳಲ್ಲಿ ಲೋಹದ ಬಳೆ ಕೂರಿಸಿದ್ದರೆ, ಬೋಲ್ಟ್ ತಲೆಯ ಕೆಳಗೆ ಅಗಲ ವಾಷರ್ ಇದ್ದರೆ ಒಪ್ಪಬಹುದು. ಕೌಂಟರ್‌ಸಂಕ್ ಬೋಲ್ಟ್‌ಗಾಗಿ, ಅಂದರೆ ತಲೆ ಪ್ಲೇಟಿನೊಳಗೆ ಹುದುಗಲೆಂದು, ಕಾರ್ಬನ್ನನ್ನೇ ನೇರ ಕೊರೆದಿದ್ದರೆ ಬಿಟ್ಟುಬಿಡಿ. ಬೋಲ್ಟ್‌ನ ಓರೆ ತಲೆ ಬಿಗಿಯುವಾಗಲೇ ಬೆಣೆಯ ಹಾಗೆ ತೂತನ್ನು ಅಗಲಿಸುತ್ತದೆ. ಕಾರ್ಬನ್‌ಗೆ ಅಲ್ಯೂಮಿನಿಯಂ ಬೋಲ್ಟ್ ನೇರವಾಗಿ ತಾಗಿ ನೀರೂ ಸೇರಿದರೆ ಬೋಲ್ಟ್ ತುಕ್ಕು ತಿಂದು ಬಿಳಿ ಪುಡಿಯಾಗುವುದನ್ನೂ ನೆನಪಿಡಿ.

ತೂಕದ ಬಗ್ಗೆ. ಮೇಲಿನ ಕೇಜ್ ಮಾತ್ರ ಇರುವ ಗೈಡುಗಳು ಸುಮಾರು 40ರಿಂದ 60 ಗ್ರಾಂ ತೂಗುತ್ತವೆ. ಮೇಲೆ, ಕೆಳಗೆ, ಟ್ಯಾಕೊ ಎಲ್ಲ ಇರುವವು ಸುಮಾರು 120ರಿಂದ 200 ಗ್ರಾಂ. 16 ಕಿಲೋ ಬೈಕಿನಲ್ಲಿ 50 ಗ್ರಾಂ ಎಂದರೆ ಶೇ. 0.3. ಅದೂ ತಿರುಗದ ಭಾಗ, ಬೈಕಿನ ನಡುವೆ ತೀರ ಕೆಳಗಿರುವ ಭಾಗ. ಸವಾರಿಯಲ್ಲಿ ತೂಕ ಅತಿ ಕಡಿಮೆ ತಿಳಿಯುವ ಜಾಗವೇ ಅದು. ಇಷ್ಟರ ಮೇಲೂ ಹಗುರ ಮಾಡಬೇಕೆಂದರೆ ನ್ಯಾಯವಾದ ದಾರಿ ಒಂದಿದೆ: ಭಾಗಗಳನ್ನು ತೆಳುಮಾಡುವ ಬದಲು ಒಂದು ಭಾಗವನ್ನೇ ತೆಗೆಯುವುದು. ನ್ಯಾರೋ-ವೈಡ್ ರಿಂಗ್‌ಗಳೂ ಕ್ಲಚ್ ಡಿರೇಲರ್‌ಗಳೂ ಬಂದ ಮೇಲೆ ಹೆಚ್ಚಿನ ಡೌನ್‌ಹಿಲ್ ಬೈಕುಗಳಿಗೆ ಮೇಲಿನ ಕೇಜ್ ಮತ್ತು ಟ್ಯಾಕೊ ಇದ್ದರೆ ಸಾಕು. ಕೆಳಗಿನ ಸ್ಲೈಡರ್ ಅಥವಾ ರೋಲರ್ ಬಿಟ್ಟರೆ ತೂಕವೂ ಇಳಿಯಿತು, ಚೈನಿನ ಉಜ್ಜಾಟವೂ ತಪ್ಪಿತು, ಕೆಸರು ತುಂಬಿ ಕಿರುಗುಟ್ಟುವ ಬೇರಿಂಗ್ ಒಂದೂ ಕಡಿಮೆಯಾಯಿತು. ಮೇಲಿನ ಕೇಜನ್ನು ಮಾತ್ರ ಬಿಡಬಾರದು. ಪೆಡಲ್ ನಿಲ್ಲಿಸಿ ಉರುಳುವಾಗ ಹಿಂದಿನ ಚಕ್ರದ ನಡುವಿನ ಫ್ರೀಹಬ್ ಬಿಗಿಯಾಗಿದ್ದರೆ ಅದು ಕ್ಯಾಸೆಟ್ಟನ್ನೂ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಜೊತೆಗೆ ತಿರುಗಿಸಿ ಚೈನನ್ನು ಮುಂದಕ್ಕೆ ತಳ್ಳುತ್ತದೆ. ಮೇಲಿನ ಚೈನ್ ಸಡಿಲವಾಗಿ ರಿಂಗಿನ ತುದಿಯಲ್ಲಿ ಕುಣಿಯುತ್ತದೆ. ಇಳಿಯುವುದು ಆಗಲೇ. ಹಿಂಬದಿ ತೋಳಿನ ಕೀಲು ಎತ್ತರದಲ್ಲಿರುವ ಹೈ ಪಿವಟ್ ಫ್ರೇಮುಗಳಿಗೆ ಮಾತ್ರ ಈ ಮಾತು ಹಾಗೇ ಹೊಂದುವುದಿಲ್ಲ. ಅವುಗಳಲ್ಲಿ ಚೈನ್ ಐಡ್ಲರ್ ಎಂಬ ಹೆಚ್ಚುವರಿ ಗಾಲಿಯ ಮೇಲೆ ಹಾದು ಬರುವುದರಿಂದ ರಿಂಗಿನ ಸುತ್ತ ಚೈನ್ ಕಚ್ಚುವ ಹಲ್ಲುಗಳ ಸಂಖ್ಯೆಯೇ ಬೇರೆ. ಫ್ರೇಮ್ ತಯಾರಕರು ಕೆಳಗಿನ ಗೈಡ್ ಕೊಟ್ಟಿದ್ದರೆ ಅದನ್ನು ತೆಗೆಯಬೇಡಿ.

ಟ್ಯಾಕೊದ ಅಳತೆಯಲ್ಲಿ ಆಗುವ ತಪ್ಪು ಬಹಳ ಸಾಮಾನ್ಯ. ಚೈನಿನ ಪಿಚ್ (ಒಂದು ಪಿನ್ನಿನಿಂದ ಮುಂದಿನದಕ್ಕಿರುವ ದೂರ) 12.7 ಮಿ.ಮೀ. ಆದ್ದರಿಂದ 32 ಹಲ್ಲಿನ ರಿಂಗಿನಲ್ಲಿ ಚೈನ್ ಪಿನ್ನುಗಳ ವೃತ್ತದ ತ್ರಿಜ್ಯ ಸುಮಾರು 65 ಮಿ.ಮೀ., 34ಕ್ಕೆ 69, 36ಕ್ಕೆ 73. ಚೈನಿನ ಹೊರಅಂಚು ಅದರಿಂದ ಇನ್ನೂ 4 ಮಿ.ಮೀ. ಆಚೆ. ಎಂದರೆ ಎರಡು ಹಲ್ಲು ಹೆಚ್ಚಾದರೆ ಚೈನ್ ನೆಲಕ್ಕೆ 4 ಮಿ.ಮೀ. ಹತ್ತಿರವಾಗುತ್ತದೆ. 34ಕ್ಕೆ ಎಂದು ಮಾಡಿದ ಟ್ಯಾಕೊ ಹಾಕಿ 36ರ ರಿಂಗ್ ಕೂರಿಸಿದರೆ ಬಂಡೆಗೆ ಮೊದಲು ತಗಲುವುದು ಚೈನ್. 34ಕ್ಕಿಂತ ಚಿಕ್ಕ ರಿಂಗ್ ಹಾಕಿ ದೊಡ್ಡ ಟ್ಯಾಕೊ ಉಳಿಸಿಕೊಂಡರೆ ನೆಲದ ಅಂತರ ಸುಮ್ಮನೆ ಹಾಳು. ಬದಿಯಿಂದ ನೋಡಿದಾಗ ಟ್ಯಾಕೊ ಚೈನಿನ ಹೊರಅಂಚಿಗಿಂತ ಕೆಲವು ಮಿ.ಮೀ. ಕೆಳಗಿರಬೇಕು. ಅಂಡಾಕಾರದ ರಿಂಗ್ ಆಗಿದ್ದರೆ ಕ್ರ್ಯಾಂಕ್ ಒಂದು ಸುತ್ತು ತಿರುಗಿಸಿ ಅದರ ಅತಿ ದೊಡ್ಡ ಭಾಗಕ್ಕೆ ಈ ಅಳತೆ ನೋಡಿ.

ಇನ್ನು ಫ್ರೇಮಿಗೆ ಕೂರುತ್ತದೆಯೇ ಎಂಬ ಪ್ರಶ್ನೆ. ಐಎಸ್‌ಸಿಜಿ 05ರ ಮೂರು ತೂತುಗಳು ಹಳೆಯ ಐಎಸ್‌ಸಿಜಿಗಿಂತ ಅಗಲವಾದ ವೃತ್ತದಲ್ಲಿವೆ. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ತೂತನ್ನು ಅರದಿಂದ ಉಜ್ಜಿ ಕೂರಿಸುವ ಸಾಹಸ ಮಾಡಬೇಡಿ, ಆ ಸಡಿಲವೇ ಏಟಿನ ಹೊತ್ತಿಗೆ ಕಿವಿಯನ್ನು ಒಡೆಯುತ್ತದೆ. ಕಿವಿಯೇ ಇಲ್ಲದ ಫ್ರೇಮಿಗೆ ಥ್ರೆಡ್ ಇರುವ ಬಾಟಂ ಬ್ರಾಕೆಟ್‌ನ ಕಪ್ ಅಡಿಯಲ್ಲಿ ಸಿಕ್ಕಿಸುವ ಗೈಡ್ ಸಿಗುತ್ತದೆ. ಅದು ಚೈನನ್ನು ಹಿಡಿಯಲು ಸರಿ. ಅದಕ್ಕೆ ಟ್ಯಾಕೊ ಜೋಡಿಸಿದರೆ ಗಟ್ಟಿ ಏಟಿಗೆ ಇಡೀ ಗೈಡೇ ಸುತ್ತಿ ತಿರುಗಿಬಿಡುತ್ತದೆ.

ಚೈನ್‌ಲೈನ್, ಅಂದರೆ ಬೈಕಿನ ನಡುಗೆರೆಯಿಂದ ರಿಂಗಿಗಿರುವ ದೂರ, ನೋಡದೆ ಕೊಳ್ಳುವವರೂ ಬಹಳ. 83 ಮಿ.ಮೀ. ಅಗಲದ ಶೆಲ್ (ಬಾಟಂ ಬ್ರಾಕೆಟ್ ಕೂರುವ ಕೊಳವೆ) ಇರುವ ಡೌನ್‌ಹಿಲ್ ಫ್ರೇಮಿನ ಚೈನ್‌ಲೈನ್ ಸುಮಾರು 57 ಮಿ.ಮೀ.; 73 ಮಿ.ಮೀ. ಶೆಲ್‌ನದು ಸಾಮಾನ್ಯವಾಗಿ 50ರಿಂದ 55ರೊಳಗೆ. ಗೈಡ್ ಎಷ್ಟರಿಂದ ಎಷ್ಟರವರೆಗೆ ಸರಿಯುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ಓದಿ. ಕ್ಯಾಸೆಟ್ ಕೂಡ ಲೆಕ್ಕಕ್ಕೆ ಬರುತ್ತದೆ. ಏಳು ಗೇರಿನ ಡೌನ್‌ಹಿಲ್ ಕ್ಯಾಸೆಟ್‌ನಲ್ಲಿ ಚೈನ್ ಅಡ್ಡಕ್ಕೆ ಸ್ವಲ್ಪವೇ ಓಡಾಡುವುದರಿಂದ ಕಿರಿದಾದ ಕೇಜ್ ಸಾಕು. ಅದೇ ಕೇಜನ್ನು ಹನ್ನೆರಡು ಗೇರಿನ ಬೈಕಿಗೆ ಹಾಕಿದರೆ ಎರಡೂ ತುದಿಯ ಗೇರುಗಳಲ್ಲಿ ಉಜ್ಜುತ್ತದೆ, ತೆಳು ಪ್ಲಾಸ್ಟಿಕ್ಕು ಬೇಗ ಕೊರೆದುಹೋಗುತ್ತದೆ.

ಕೂರಿಸುವ ಕೆಲಸದಲ್ಲಿ ಅವಸರ ಬೇಡ. ಮೊದಲು ಕಿವಿಗಳ ಮುಖ ಉಜ್ಜಿ ಒರೆಸಿ. ಬಣ್ಣದ ಗಂಟು, ಒಣಗಿದ ಮಣ್ಣು ಉಳಿದರೆ ಪ್ಲೇಟ್ ಓರೆ ಕೂರುತ್ತದೆ. ಸ್ಪೇಸರ್ ಹಾಕುವುದಾದರೆ ಮೂರೂ ಕಡೆ ಒಂದೇ ದಪ್ಪ. ಬೋಲ್ಟ್ ಎಂ6, ಅದರ ಥ್ರೆಡ್ ಪಿಚ್ 1 ಮಿ.ಮೀ., ಆದ್ದರಿಂದ ಒಂದು ಸುತ್ತು ಎಂದರೆ 1 ಮಿ.ಮೀ. ಒಳಕ್ಕೆ. ಕೈಯಿಂದ ತಿರುಗಿಸುವಾಗ ಎಣಿಸಿ: ಐದಾರು ಸುತ್ತಾದರೂ ಹಿಡಿಯಬೇಕು. ಎರಡು ಮೂರು ಸುತ್ತಿಗೇ ಬಿಗಿಯಾದರೆ ಬೋಲ್ಟ್ ಗಿಡ್ಡ, ಕಿವಿಯ ಥ್ರೆಡ್ ಕಿತ್ತುಬರುತ್ತದೆ. ಉದ್ದವಾಗಿ ಕಿವಿಯ ಹಿಂದೆ ಚಾಚಿದರೂ ಅಪಾಯ, ಹಿಂದಿನ ಚಕ್ರವನ್ನು ಹಿಡಿದ ಸ್ವಿಂಗ್‌ಆರ್ಮ್‌ಗೆ ಕೊರೆಯುತ್ತದೆ. ಮೂರನ್ನೂ ಸ್ವಲ್ಪ ಸ್ವಲ್ಪವಾಗಿ ಸರದಿಯಲ್ಲಿ ಬಿಗಿದು, ಕೊನೆಗೆ ಟಾರ್ಕ್ ರೆಂಚ್‌ನಲ್ಲಿ ಗೈಡ್ ಜೊತೆ ಕೊಟ್ಟ ಅಂಕಿಗೆ ನಿಲ್ಲಿಸಿ. ಸಾಮಾನ್ಯವಾಗಿ ಅದು 8ರಿಂದ 10 ನ್ಯೂಟನ್ ಮೀಟರ್ ಆಸುಪಾಸಿನಲ್ಲಿರುತ್ತದೆ. ಫ್ರೇಮ್ ತಯಾರಕರು ಅದಕ್ಕಿಂತ ಕಡಿಮೆ ಹೇಳಿದ್ದರೆ ಫ್ರೇಮಿನವರ ಮಾತೇ ನಡೆಯಲಿ.

ಬೋಲ್ಟ್ ಸಡಿಲವಾಗದಂತೆ ಹಚ್ಚುವ ಥ್ರೆಡ್‌ಲಾಕರ್ ಅಂಟಿನ ವಿಷಯ ಹೆಚ್ಚಿನವರಿಗೆ ತಿಳಿದಿಲ್ಲ, ಆದ್ದರಿಂದ ಒತ್ತಿ ಹೇಳಬೇಕು. ಕಿವಿಯ ಬೋಲ್ಟ್‌ಗಳಿಗೆ ನೀಲಿ ಬಣ್ಣದ ಮಧ್ಯಮ ಬಲದ್ದು ಒಂದು ಹನಿ ಸಾಕು. ಆದರೆ ಆ ದ್ರವ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿಗೆ ವಿಷ. ಟ್ಯಾಕೊ ಅಥವಾ ಕೇಜ್ ಪಾರದರ್ಶಕ ಪಾಲಿಕಾರ್ಬೊನೇಟ್ ಆಗಿದ್ದು ಬೋಲ್ಟ್ ತೂತಿನ ಸುತ್ತ ಅದು ಸೋರಿದರೆ, ಬಿಗಿತದ ಒತ್ತಡ ಇರುವ ಜಾಗದಲ್ಲೇ ಜೇಡರ ಬಲೆಯಂಥ ಸಣ್ಣ ಬಿರುಕು ಏಳುತ್ತವೆ. ಬ್ರೇಕ್ ಕ್ಲೀನರ್ ಸಿಂಪಡಿಸಿದರೂ ಹಾಗೇ ಆಗಬಹುದು. ಮೊದಲ ಏಟಿಗೇ ಪುಡಿಯಾದ ಟ್ಯಾಕೊಗಳನ್ನು ಕಳಪೆ ಮಾಲು ಎಂದು ಬೈಯುವ ಮೊದಲು ತೂತಿನ ಸುತ್ತ ಈ ಬಿರುಕಿದೆಯೇ ನೋಡಿ. ಪ್ಲಾಸ್ಟಿಕ್ ಇರುವ ಕಡೆ ಒಣ ಬೋಲ್ಟ್ ಹಾಕಿ ಆಗಾಗ ಬಿಗಿತ ಪರೀಕ್ಷಿಸುವುದೇ ಸರಿ. ತೊಳೆಯಲು ಸೋಪು ನೀರು ಸಾಕು.

ಚೈನನ್ನು ಅತಿ ದೊಡ್ಡ ಮತ್ತು ಅತಿ ಚಿಕ್ಕ ಗೇರ್ ಎರಡರಲ್ಲೂ ಇಟ್ಟು ಮೇಲಿನ ಕೇಜನ್ನು ನೋಡಿ, ಚೈನಿನ ಎರಡೂ ಬದಿ 1 ಮಿ.ಮೀ. ಆದರೂ ಬಿಡುವಿರಲಿ. ಎತ್ತರದಲ್ಲಿ ಚೈನಿಗೂ ಕೇಜ್‌ಗೂ 2ರಿಂದ 3 ಮಿ.ಮೀ. ಸಾಕು, ಅದಕ್ಕಿಂತ ಎತ್ತರ ಇಟ್ಟರೆ ಚೈನ್ ಹಲ್ಲು ದಾಟುವಷ್ಟು ಜಾಗ ಸಿಗುತ್ತದೆ. ಬಳಿಕ ಶಾಕ್‌ನ ಗಾಳಿ ಬಿಟ್ಟು, ಕಾಯಿಲ್ ಆದರೆ ಸ್ಪ್ರಿಂಗ್ ತೆಗೆದು, ಸಸ್ಪೆನ್ಷನ್ನನ್ನು ಪೂರ್ತಿ ಕೆಳಗೆ ಅದುಮಿ. ಸ್ಟ್ಯಾಂಡ್ ಮೇಲೆ ಸಲೀಸಾಗಿದ್ದ ಗೈಡ್‌ಗೆ ಕೊನೆಯ ಎರಡು ಸೆಂಟಿಮೀಟರಿನಲ್ಲಿ ಸ್ವಿಂಗ್‌ಆರ್ಮ್ ಬಂದು ತಾಗುವುದು ಅಪರೂಪವೇನಲ್ಲ. ಮೇಲೆ ಹೇಳಿದ ಬೈಕಿನಲ್ಲಿ ಬ್ಯಾಕ್‌ಪ್ಲೇಟಿನ ಹಿಂಬದಿಗೆ ಸ್ವಿಂಗ್‌ಆರ್ಮ್ ಉಜ್ಜಿದ ಗುರುತು ಏಟು ಬೀಳುವ ಮೊದಲೇ ಇತ್ತು; ಯಾರೂ ಬಿಚ್ಚಿ ನೋಡಿರಲಿಲ್ಲ.

ಈಗಾಗಲೇ ಇಂಥ ತೆಳು ಗೈಡ್ ಹಾಕಿಕೊಂಡವರು ಕ್ರ್ಯಾಂಕ್ ಬಿಚ್ಚಿ, ಮೂರೂ ಕಿವಿಗಳ ಬುಡವನ್ನು ಒರೆಸಿ ಟಾರ್ಚ್ ಬೆಳಕಿನಲ್ಲಿ ನೋಡಿ. ಕೂದಲಿನಷ್ಟು ತೆಳುವಾದ ಗೆರೆ ಬಣ್ಣದಲ್ಲಿ ಕಂಡರೂ ಬೈಕನ್ನು ಇಳಿಜಾರಿಗೆ ಒಯ್ಯಬೇಡಿ, ಕಾರ್ಬನ್ ರಿಪೇರಿ ಬಲ್ಲವರಿಗೆ ತೋರಿಸಿ. ಪ್ಲೇಟನ್ನು ಗಾಜಿನ ಮೇಲೆ ಮಲಗಿಸಿ ಅಲುಗಾಡುತ್ತದೆಯೇ ಪರೀಕ್ಷಿಸಿ. ಬೋಲ್ಟ್ ತೂತುಗಳಿಗೆ ಬೋಲ್ಟ್ ಹಾಕಿ ಆಡಿಸಿ ನೋಡಿ, ಒಂದರಲ್ಲಿ ಮಾತ್ರ ಸಡಿಲ ಇದ್ದರೆ ಅದು ಆಗಲೇ ಎಳೆದುಹೋಗಿದೆ. ರಿಂಗಿನ ಹಲ್ಲು ತುದಿ ಚೂಪಾಗಿದ್ದರೆ, ಚೈನ್ ಅಳತೆಗೋಲಿನಲ್ಲಿ ಸವೆತ ಶೇ. 0.5 ದಾಟಿದ್ದರೆ ಅವನ್ನೂ ಬದಲಿಸಿ. ಸವೆದ ನ್ಯಾರೋ-ವೈಡ್ ರಿಂಗ್ ಮೇಲೆ ಯಾವ ಗೈಡ್ ಹಾಕಿದರೂ ಎಲ್ಲ ಭಾರ ಗೈಡ್ ಮೇಲೆಯೇ ಬೀಳುತ್ತದೆ. ಹೊಸದು ಕೊಳ್ಳುವಾಗ ಟ್ಯಾಕೊ, ಕೇಜ್‌ನ ಪ್ಲಾಸ್ಟಿಕ್ಕು, ಬೋಲ್ಟ್ ಸೆಟ್ಟು ಮೂರೂ ಬಿಡಿಯಾಗಿ ಸಿಗುತ್ತವೆಯೇ ಎಂದು ಮೊದಲೇ ಕೇಳಿ, ಒಂದು ಟ್ಯಾಕೊ ಜೊತೆಯಲ್ಲೇ ತಂದಿಟ್ಟುಕೊಳ್ಳಿ.