ಐಎಂಜಿ2ಪಿಡಿಎಫ್: ಫೋಟೋ ಪಿಡಿಎಫ್ ಮಾಡೋ ಸಾಫ್ಟ್‌ವೇರ್, ಮೂರು ವರ್ಷ ಅಂಗಡ್ಯಾಗ ನಡಸಿದ ಮ್ಯಾಲ

ನಂದು ಕಲಬುರಗಿ ಜಗತ್ ಸರ್ಕಲ್ ಕಡಿ ಸಣ್ಣದೊಂದು ಝೆರಾಕ್ಸ್ ಅಂಗಡಿ ಅದ, ಆನ್‌ಲೈನ್ ಅರ್ಜಿನೂ ಹಾಕ್ತೀನಿ. ಬರೋ ಕೆಲಸದಾಗ ಅರ್ಧ ಇದೇ, ಮೊಬೈಲ್ನಾಗ ಹೊಡದ ಫೋಟೋ ತಂದು "ಅಣ್ಣಾ ಇದು ಪಿಡಿಎಫ್ ಮಾಡಿಕೊಡ್ರಿ" ಅಂತಾರ. ಮಾರ್ಕ್ಸ್ ಕಾರ್ಡು, ಜಾತಿ ಆದಾಯ, ಪಹಣಿ, ಮತ್ತ ನಮ್ಮ ಕಲ್ಯಾಣ ಕರ್ನಾಟಕದ ಮಂದಿಗಿ ಮೀಸಲಾತಿ ಕೊಡೋ 371ಜೆ ಸರ್ಟಿಫಿಕೇಟ್ ಮಾಡಸ್ಲಾಕ ಸಾಲಿ ಸ್ಟಡಿ ಸರ್ಟಿಫಿಕೇಟು. ಒಬ್ಬೊಬ್ಬ ಹುಡುಗ ಹತ್ತು ಹನ್ನೆರಡು ಫೋಟೋ ತರ್ತಾನ, ಅದ್ರಾಗ ಎರಡು ಉಲ್ಟಾ.

ಮೊದಲ ನಾನೂ ಯಾವುದಾರ ಫ್ರೀ ವೆಬ್‌ಸೈಟ್ ತಗದು ಅದ್ರಾಗೇ ಎಳದು ಹಾಕ್ತಿದ್ದೆ. ಮೊಬೈಲ್ನಾಗ ಕ್ಯಾಮ್‌ಸ್ಕ್ಯಾನರ್ ಇತ್ತು, 2020ರ ಜೂನ್‌ದಾಗ ಸರ್ಕಾರ 59 ಆಪ್ ಬ್ಯಾನ್ ಮಾಡ್ದಾಗ ಅದೂ ಹೋತು. ವೆಬ್‌ಸೈಟ್ ಬಿಡ್ಸಿದಾಂವ ಆಳಂದ ಕಡಿ ಒಬ್ಬ ಮುತ್ಯಾ. ಅಂವನ ಆಧಾರ್, ಪಹಣಿ ಎರಡೂ ಅಪ್‌ಲೋಡ್ ಆಗ್ಲಕತ್ತಿತ್ತು, ನೆಟ್ ಸ್ಲೋ, ಸ್ಕ್ರೀನ್ ಮ್ಯಾಲ ಚಕ್ರ ತಿರಗ್ಲಕತ್ತದ, ಮುತ್ಯಾ ಅದನ್ನೇ ನೋಡ್ಕೋತ ಕುಂತು "ತಮ್ಮಾ, ನನ್ನ ಹೊಲದ ಕಾಗದ ಈಗ ಯಾರ ಮನಿಗಿ ಹೊಂಟದ?" ಅಂದ. ನನ್ನ ಕಡಿ ಉತ್ತರ ಇರ್ಲಿಲ್ರಿ. ಇಷ್ಟು ವರ್ಷ ಇಷ್ಟು ಮಂದಿ ಆಧಾರ್ ಎಲ್ಲೆಲ್ಲಿಗಿ ಕಳಸೀನಿ ಅಂತ ಅವತ್ತ ರಾತ್ರಿ ನಿದ್ದಿ ಸರೀ ಬರ್ಲಿಲ್ಲ.

ನಮ್ಮ ಅಳಿಯ ಇಂಜಿನಿಯರಿಂಗ್ ಓದ್ಲಕತ್ಯಾನ, ಅಂವ ಅಂಗಡಿದು ಹಳೀ ಕಂಪ್ಯೂಟರ್‌ಗಿ ವಿಂಡೋಸ್ ಬದ್ಲಿ ಲಿನಕ್ಸ್ ಹಾಕಿ ಈ ಐಎಂಜಿ2ಪಿಡಿಎಫ್ ಕೂಡ್ಸಿಕೊಟ್ಟ. ರೊಕ್ಕ ಇಲ್ಲ, ಜಾಹೀರಾತಿಲ್ಲ, ವಾಟರ್‌ಮಾರ್ಕ್ ಇಲ್ಲ, ನೆಟ್ ಹೋದ್ರೂ ನಡೀತದ. ಆದ್ರ ಇದಕ್ಕ ಬಟನ್ ಗಿಟನ್ ಏನೂ ಇಲ್ರಿ, ಕಪ್ಪು ಕಿಟಕ್ಯಾಗ ಕಮಾಂಡ್ ಬರೀಬೇಕು. ಮೊದಲ ವಾರ ನಾ ಅಳಿಯಗ ಬೈದಿದ್ದೇ ಬೈದಿದ್ದು.

ಬೈಲಾಕ ಕಾರಣನೂ ಇತ್ತು. ಒಂದು ಫೋಟೋ ಹಾಕಿ ಪಿಡಿಎಫ್ ಮಾಡ್ದೆ, ತಗದು ನೋಡ್ತೀನಿ, ಪೇಜ್ ಸುಮಾರು 42 ಇಂಚ್ ಅಗಲ, 56 ಇಂಚ್ ಉದ್ದ. ಮಾರ್ಕ್ಸ್ ಕಾರ್ಡ್ ಅಲ್ಲ, ಎಲೆಕ್ಷನ್ ಫ್ಲೆಕ್ಸ್ ಇದ್ದಂಗ ಇತ್ತು! ಆಮ್ಯಾಲ ತಿಳೀತು, ಮೊಬೈಲ್ ಫೋಟೋದಾಗ ಬಹಳ ಸಲ 72 ಡಿಪಿಐ, ಅಂದ್ರ ಇಂಚಿಗಿ 72 ಚುಕ್ಕಿ ಅಂತ ಬರದಿರ್ತದ, ಫೋಟೋ ಇರೋದು 3000 ಬೈ 4000 ಪಿಕ್ಸೆಲ್, ನಾವು ಏನೂ ಹೇಳ್ಲಿಲ್ಲಂದ್ರ ಇದು ಪಾಪ ಅದನ್ನೇ ನಂಬಿ ಭಾಗಾಕಾರ ಮಾಡಿ ಅಷ್ಟು ದೊಡ್ಡ ಹಾಳಿ ಮಾಡ್ತದ. ಪೇಜ್‌ಸೈಜ್ ಎ4 ಅಂತ ಒಂದು ಮಾತು ಸೇರ್ಸಿದ್ರ ಮುಗೀತು. ಆ ಪೂರಾ ಕಮಾಂಡ್ ಈಗ ರಟ್ಟಿನ ಮ್ಯಾಲ ಬರದು ಮಾನಿಟರ್ ಬಾಜೂಕ ಅಂಟಿಸೀನಿ.

ಇನ್ನೊಂದು, ಇದು ಹಟಮಾರಿ. ಕೆಲವು ಮೊಬೈಲ್ ಫೋಟೋದಾಗ ತಿರುಗಿಸೋ ಮಾಹಿತಿ ಸೊನ್ನಿ ಅಂತ ಇರ್ತದ, ಆವಾಗ ಇದು ಸೀದಾ ಎರರ್ ಕೊಟ್ಟು ಕುಂದರ್ತದ, ರೊಟೇಶನ್ ಸರಿ ಇದ್ರಷ್ಟೇ ತಿರಗ್ಸು ಅಂತ ಬ್ಯಾರೇ ಹೇಳ್ಬೇಕು. ಹಿಂದಿನ ಬಣ್ಣ ತಗದು ಪಾರದರ್ಶಕ ಮಾಡಿದ ಸಹಿ ಪಿಎನ್‌ಜಿ ಫೋಟೋ ಕೊಟ್ರಂತೂ ಇದರ ಹಳೀ ವರ್ಷನ್ ಮುಟ್ತಿರ್ಲಿಲ್ಲ, ಬಿಳಿ ಬಣ್ಣ ತುಂಬ್ಸಿ ಮತ್ತ ಕೊಡ್ಬೇಕಿತ್ತು. ಹತ್ತು ಫೋಟೋ ಒಟ್ಟಿಗಿ ಹಾಕಿದ್ರ 1 ಆದ ಮ್ಯಾಲ 10 ಬರ್ತದ, ಆಮ್ಯಾಲ 2, ಅದಕ್ಕ 01, 02 ಅಂತ ಹೆಸರಿಡೋದು ರೂಢಿ ಆಗ್ಯಾದ.

ಇಷ್ಟಾದ್ರೂ ಯಾಕ ಇಟ್ಕೊಂಡೀನಿ ಅಂದ್ರ, ಇದು ಫೋಟೋಕ್ಕ ಕೈ ಹಚ್ಚಂಗಿಲ್ಲ. ನಾ ಮೊದಲ ಬಳಸ್ತಿದ್ದ ಟೂಲ್ ಜೆಪೆಗ್, ಅಂದ್ರ ಮೊಬೈಲ್ ಫೋಟೋ ಫೈಲ್, ಬಿಚ್ಚಿ ಮತ್ತೊಮ್ಮಿ ಹಿಚುಕಿ ಪಿಡಿಎಫ್ ಒಳಗ ತುರುಕ್ತಿತ್ತು, ಅದ್ರಾಗ ರಿಜಿಸ್ಟರ್ ನಂಬರ್ ಸುತ್ತ ಧೂಳು ಧೂಳು ಕಾಣ್ತದಲ್ಲ, 3 ಯಾವುದು 8 ಯಾವುದು ತಿಳೀಲ್ಲ, ಅದು ಇದ್ರಾಗ ಆಗಂಗಿಲ್ಲ. ಜೆಪೆಗ್ ಹ್ಯಾಂಗದ ಹಂಗೇ ಎತ್ತಿ ಪಿಡಿಎಫ್ ಒಳಗ ಇಡ್ತದ. ಫೋಟೋನೇ ಮಸಕಾಗಿದ್ರ ಇದೇನೂ ಮಾಡ್ಲಾಕ ಬರಲ್ಲ, ಅದಕ್ಕ ಗಿರಾಕಿಗಿ ವಾಟ್ಸಾಪ್‌ದಾಗ ಫೋಟೋ ಅಂತ ಕಳಸ್ಬ್ಯಾಡ್ರಿ, ಡಾಕ್ಯುಮೆಂಟ್ ಅಂತ ಕಳಸ್ರಿ ಅಂತ ದಿನಾ ಬಡ್ಕೋತೀನಿ.

ಇದೇ ಗುಣ ತಲಿನೋವೂ ಹೌದು. 3 ಎಂಬಿ ಫೋಟೋ ಹಾಕಿದ್ರ 3 ಎಂಬಿ ಪಿಡಿಎಫ್. ಪೋರ್ಟಲ್‌ನವರು 200 ಕೆಬಿ ಒಳಗ ಕೇಳ್ತಾರ, ಕಡೀ ದಿನ ಸಂಜಿ ಆರಕ್ಕ ಹುಡುಗ್ರು ಓಡಿ ಬರ್ತಾರ. ನಾ ಮೊದ್ಲ ಫೋಟೋ ತಿದ್ದೋ ಗಿಂಪ್ ಸಾಫ್ಟ್‌ವೇರ್‌ದಾಗ 1240 ಬೈ 1754 ಪಿಕ್ಸೆಲ್ ಮಾಡ್ತೀನಿ, ಅಂದ್ರ ಎ4 ಹಾಳಿ 150 ಡಿಪಿಐ ಲೆಕ್ಕದಾಗ, ಬಣ್ಣ ತಗದು ಕ್ವಾಲಿಟಿ ಇಳಿಸಿ, ಅಕ್ಷರ ಓದ್ಲಾಕ ಬರ್ತದಾ ಅಂತ ಕಣ್ಣಲೆ ನೋಡಿ ಆಮ್ಯಾಲ ಇದಕ್ಕ ಕೊಡ್ತೀನಿ. ಎರಡು ಕೆಲಸ ಆಗ್ತದ ಖರೇ, ಆದ್ರ ಎಷ್ಟು ಇಳಿಸ್ಬೇಕು ಅನ್ನೋದು ನನ್ನ ಕೈಯಾಗ ಇರ್ತದ.

ಮನ್ಯಾಗ ತಿಂಗಳಿಗೊಮ್ಮಿ ಒಂದು ಬಿಲ್ ಪಿಡಿಎಫ್ ಮಾಡೋರು ಇದರ ಗೋಜಿಗಿ ಹೋಗ್ಬ್ಯಾಡ್ರಿ, ವಿಂಡೋಸ್ 10ದಾಗ ಪ್ರಿಂಟ್ ಒತ್ತಿ ಪಿಡಿಎಫ್ ಆರ್ಸಿದ್ರ ಸಾಕು. ನನ್ನಂಗ ಮಂದಿ ಕಾಗದ ಹಿಡ್ಕೊಂಡು ಕುಂತೋರಾದ್ರ ನೋಡ್ರಿ. ಆ ಮುತ್ಯಾ ಹೋದ ತಿಂಗಳ ಮತ್ತ ಬಂದಿದ್ದ, ಪಹಣಿ ತಗೊಂಡೇ. ನೆಟ್ ವಯರ್ ಕಿತ್ತಿ ಅಂವನ ಕೈಯಾಗೇ ಕೊಟ್ಟು ಪಿಡಿಎಫ್ ಮಾಡಿ ತೋರಿಸ್ದೆ. ವಯರ್ ತಿರುವಿ ಮುರುವಿ ನೋಡಿ "ಹಂಗಾದ್ರ ಹತ್ತು ರೂಪಾಯಿ ಯಾಕ ತಗೋತಿ" ಅಂದ.