ದೇಶಗಳ ಪೈಪೋಟಿ ಅಳೆಯುವ ನಾಲ್ಕು ಪಟ್ಟಿ: ನಾನು ಉಳಿಸಿಕೊಂಡಿದ್ದು ಎಲ್‌ಪಿಐ

ಮೊದಲೇ ಹೇಳಿಬಿಡುತ್ತೇನೆ. ಬೆಳೆಯುತ್ತಿರುವ ಒಂದು ದೇಶ ಲೋಕದ ಪೈಪೋಟಿಯಲ್ಲಿ ಎಲ್ಲಿ ನಿಂತಿದೆ ಎಂದು ತಿಳಿಯಲು ಈಗ ನಾನು ತೆರೆಯುವುದು ಸರಕು ಸಾಗಣೆ ಎಷ್ಟು ಸಲೀಸು ಎಂದು ಅಳೆಯುವ ವಿಶ್ವ ಬ್ಯಾಂಕಿನ ಲಾಜಿಸ್ಟಿಕ್ಸ್ ಪರ್ಫಾರ್ಮೆನ್ಸ್ ಇಂಡೆಕ್ಸ್, ಅಂದರೆ ಎಲ್‌ಪಿಐ. ಬೇರೆ ಪಟ್ಟಿಗಳನ್ನೂ ವರ್ಷಗಟ್ಟಲೆ ಬಳಸಿದ್ದೇನೆ. ಅವುಗಳಲ್ಲಿ ಒಂದನ್ನು ನಂಬಿ ಕೆಟ್ಟೆ.

ಡಿಗ್ರಿ ಮಕ್ಕಳಿಗೆ ಅರ್ಥಶಾಸ್ತ್ರ ಪಾಠ ಮಾಡುವುದು ನನ್ನ ಕೆಲಸ. ದೇಶಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಒಂದು ಸ್ಲೈಡ್ ಪ್ರತಿ ವರ್ಷ ಬೇಕು. ಬಹಳ ಕಾಲ ಅದಕ್ಕೆ ವಿಶ್ವ ಬ್ಯಾಂಕಿನದೇ 'ಡೂಯಿಂಗ್ ಬಿಸಿನೆಸ್' ಪಟ್ಟಿಯನ್ನು, ಅಂದರೆ ಒಂದು ದೇಶದಲ್ಲಿ ವ್ಯಾಪಾರ ನಡೆಸುವುದು ಎಷ್ಟು ಸುಲಭ ಎಂದು ಹೇಳುತ್ತಿದ್ದ ಪಟ್ಟಿಯನ್ನು, ಹಾಕುತ್ತಿದ್ದೆ. 190 ದೇಶ, ಒಂದೇ ನಂಬರು, ಅದೂ ಪುಕ್ಕಟೆ. 2015ರ ಪಟ್ಟಿಯಲ್ಲಿ ಭಾರತ 142ನೇ ಸ್ಥಾನದಲ್ಲಿತ್ತು, 2020ರ ಪಟ್ಟಿಯಲ್ಲಿ 63ನೇ ಸ್ಥಾನಕ್ಕೆ ಬಂತು. ಗ್ರಾಫ್ ನೋಡಿದರೆ ಸರಸರ ಏಣಿ ಹತ್ತಿದ ಹಾಗಿತ್ತು. ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, ಇಷ್ಟು ಮೇಲೆ ಬಂದಿದ್ದರೆ ಜಿಡಿಪಿಯಲ್ಲಿ ತಯಾರಿಕೆಯ ಪಾಲು ಯಾಕೆ ಏರಿಲ್ಲ?" ನನ್ನ ಬಳಿ ಉತ್ತರ ಇರಲಿಲ್ಲ.

ಆ ರಾತ್ರಿ ಕೂತು ಒಳಲೆಕ್ಕ ಬಿಡಿಸಿ ನೋಡಿದೆ. ಇಡೀ ಭಾರತದ ಲೆಕ್ಕ ಮುಂಬೈ ಮತ್ತು ದೆಹಲಿ ಎರಡೇ ನಗರಗಳದ್ದು. ಅದೂ ಒಂದು ಕಾಲ್ಪನಿಕ ಕಂಪನಿಯನ್ನು ಇಟ್ಟುಕೊಂಡು, ನಿಯಮದ ಪ್ರಕಾರ ಹೋದರೆ ಎಷ್ಟು ದಿನ, ಎಷ್ಟು ಖರ್ಚು ಎಂದು ವಕೀಲರು ಮತ್ತು ಲೆಕ್ಕಪತ್ರ ತಜ್ಞರಂಥವರನ್ನು ಕೇಳಿ ಬರೆದದ್ದು. ಕಟ್ಟಡ ಪರವಾನಗಿಯ ವಿಭಾಗದಲ್ಲಿ ಭಾರತ ಒಂದೇ ವರ್ಷದಲ್ಲಿ 181ರಿಂದ 52ಕ್ಕೆ ಜಿಗಿದಿತ್ತು. ಒಪ್ಪಂದ ಮುರಿದವರ ಮೇಲೆ ಕೋರ್ಟಿಗೆ ಹೋದರೆ ಮಾತ್ರ 1,445 ದಿನ, ಆ ವಿಭಾಗದಲ್ಲಿ 163ನೇ ಸ್ಥಾನ. ಇಂಥ ಹತ್ತು ವಿಭಾಗಗಳನ್ನು ಕಲಸಿ 2020ರಲ್ಲಿ 63 ಎಂದು ಕೊಟ್ಟಿದ್ದರು. ಸಾಲ ಮಾಡಿ ಕಾರ್ಖಾನೆ ಹಾಕುವವನಿಗೆ ಬೇಕಾದದ್ದು ಆ 1,445 ಅಲ್ವಾ? ಅದನ್ನೇ ನಾನು ಮಕ್ಕಳಿಗೆ ತೋರಿಸಿರಲಿಲ್ಲ.

ಮುಂದೆ ಇನ್ನೂ ದೊಡ್ಡ ತೊಂದರೆ ಹೊರಬಂತು. ಚಿಲಿ ದೇಶದ ರ‍್ಯಾಂಕ್ ವರ್ಷ ವರ್ಷ ಮೇಲೆ ಕೆಳಗೆ ಆಗುತ್ತಿತ್ತು. ಅದಕ್ಕೆ ಮುಖ್ಯ ಕಾರಣ ಅಲ್ಲಿನ ನಿಯಮಗಳಲ್ಲ, ಅಳೆಯುವ ವಿಧಾನವೇ ಬದಲಾದದ್ದು ಎಂದು 2018ರ ಜನವರಿಯಲ್ಲಿ ಬ್ಯಾಂಕಿನ ಮುಖ್ಯ ಅರ್ಥಶಾಸ್ತ್ರಜ್ಞ ಪಾಲ್ ರೋಮರ್ ಬಹಿರಂಗವಾಗಿ ಹೇಳಿದರು. ಅದೇ ತಿಂಗಳು ಹುದ್ದೆ ಬಿಟ್ಟರು. 2018ರ ಪಟ್ಟಿಯಲ್ಲಿ ಚೀನಾಕ್ಕೆ 78 ಕೊಟ್ಟಿದ್ದರು, ತಿದ್ದಿದ ಮೇಲೆ ಅದು 85 ಆಯಿತು. ಸೌದಿ ಅರೇಬಿಯಾ, ಯುಎಇ, ಅಜರ್‌ಬೈಜಾನ್ ದೇಶಗಳ ಅಂಕಿಗಳಲ್ಲೂ ಗೋಲ್‌ಮಾಲ್ ಸಿಕ್ಕಿತು. ಕೊನೆಗೆ 2021ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕ್ ಪಟ್ಟಿಯನ್ನೇ ನಿಲ್ಲಿಸಿತು. ಅಷ್ಟು ವರ್ಷ ತೋರಿಸಿದ ಸ್ಲೈಡ್‌ಗಳು ನೆನಪಾಗಿ ಸಂಕಟವಾಯಿತು. ಅದನ್ನು ಬರೆದುಕೊಂಡ ಮಕ್ಕಳು ಆಗಲೇ ಪಾಸಾಗಿ ಹೋಗಿದ್ದರು.

ಅದರ ಜಾಗಕ್ಕೆ 2024ರಲ್ಲಿ 'ಬಿ-ರೆಡಿ' ಬಂತು. ಕಾಗದದ ಮೇಲಿನ ನಿಯಮ ಒಂದು ಕಡೆ, ನಿಜವಾಗಿ ನಡೆಯುವುದು ಇನ್ನೊಂದು ಕಡೆ ಇಟ್ಟು ತೋರಿಸುತ್ತದೆ. ಅದು ಸರಿಯಾದ ದಾರಿ. ಆದರೆ ಮೊದಲ ವರದಿಯಲ್ಲಿ 50 ದೇಶಗಳಷ್ಟೇ ಇದ್ದವು, ಭಾರತ ಅದರಲ್ಲಿಲ್ಲ.

ವಿಶ್ವ ಆರ್ಥಿಕ ವೇದಿಕೆಯ ಪಟ್ಟಿ ಓದಲು ಸೊಗಸು. 12 ವಿಭಾಗ (ಅವರು 'ಕಂಬ' ಎನ್ನುತ್ತಾರೆ), 103 ಸೂಚಕ. 2019ರಲ್ಲಿ ವಿಯೆಟ್ನಾಂ 77ರಿಂದ 67ಕ್ಕೆ ಏರಿತು, ಭಾರತ 58ರಿಂದ 68ಕ್ಕೆ ಇಳಿಯಿತು. ಅದರ ನಂತರ ಆ ರ‍್ಯಾಂಕಿಂಗ್ ಬರಲಿಲ್ಲ.

ಸ್ವಿಟ್ಜರ್ಲೆಂಡಿನ ಐಎಂಡಿ ಎಂಬ ಬಿಸಿನೆಸ್ ಸ್ಕೂಲಿನ ಪಟ್ಟಿ 1989ರಿಂದ ತಪ್ಪದೆ ಬರುತ್ತಿದೆ. ಆದರೆ 2025ರಲ್ಲೂ 69 ದೇಶಗಳು ಮಾತ್ರ. ವಿಯೆಟ್ನಾಂ ಇಲ್ಲದ ಪಟ್ಟಿ ಇಟ್ಟುಕೊಂಡು ಬೆಳೆಯುತ್ತಿರುವ ದೇಶಗಳ ಬಗ್ಗೆ ನಾನು ಏನು ಪಾಠ ಮಾಡಲಿ? ಪೂರ್ತಿ ಅಂಕಿಅಂಶ ಬೇಕಿದ್ದರೆ ದುಡ್ಡು ಬೇರೆ ಕಟ್ಟಬೇಕು.

ಈಗ ಎಲ್‌ಪಿಐ. ಇದು ಅಳೆಯುವುದು ಸರಕು ಸಾಗಣೆಯನ್ನು ಮಾತ್ರ. ಶಾಲೆ, ಆಸ್ಪತ್ರೆ, ಬ್ಯಾಂಕ್ ಯಾವುದೂ ಇದರಲ್ಲಿಲ್ಲ. ಆದರೂ ನನಗೆ ಹಿಡಿಸಿದ್ದು ಪ್ರಶ್ನೆ ಕೇಳುವ ರೀತಿ. ಆರ್ಥಿಕ ವೇದಿಕೆ ಮತ್ತು ಐಎಂಡಿಯ ಸಮೀಕ್ಷೆಗಳಲ್ಲಿ ಉದ್ಯಮಿಗಳು ತಾವಿರುವ ದೇಶಕ್ಕೆ ತಾವೇ ಅಂಕ ಕೊಡುತ್ತಾರೆ. ಒಂದು ಕಡೆ ಕಟ್ಟುನಿಟ್ಟಾಗಿ ಕೊಡುತ್ತಾರೆ, ಇನ್ನೊಂದು ಕಡೆ ಧಾರಾಳವಾಗಿ. ಎಲ್‌ಪಿಐನಲ್ಲಿ ಅಂಕ ಕೊಡುವವರು ಹೊರಗಿನವರು. ಆ ದೇಶಕ್ಕೆ ಸರಕು ಕಳಿಸಿ, ಅಲ್ಲಿನ ಕಸ್ಟಮ್ಸ್‌ನಲ್ಲಿ ಕಾದವರು. ಒಬ್ಬೊಬ್ಬರೂ ಹಲವು ದೇಶಗಳನ್ನು ನೋಡಿರುತ್ತಾರೆ, ಹಾಗಾಗಿ ಹೋಲಿಕೆ ಅವರ ತಲೆಯಲ್ಲೇ ಇರುತ್ತದೆ. 2023ರಲ್ಲಿ ಕಂಟೇನರ್‌ಗಳು ಬಂದರಿನಲ್ಲಿ ನಿಜವಾಗಿ ಎಷ್ಟು ದಿನ ನಿಂತವು ಎಂಬ ಲೆಕ್ಕವನ್ನೂ ಸೇರಿಸಿದ್ದಾರೆ.

ಇನ್ನೊಂದು ವಿಷಯಕ್ಕೆ ನಾನು ಮನಸೋತೆ. ಅಂಕ ಹೆಚ್ಚುಕಡಿಮೆ ಎಷ್ಟು ಇರಬಹುದು ಎಂದು ಮೇಲಿನ ಮಿತಿ, ಕೆಳಗಿನ ಮಿತಿ ಎರಡನ್ನೂ ಪಟ್ಟಿಯಲ್ಲೇ ಕೊಡುತ್ತಾರೆ. 2023ರಲ್ಲಿ 139 ದೇಶಗಳ ಪೈಕಿ ಭಾರತ 38, ವಿಯೆಟ್ನಾಂ 43. ಐದು ಸ್ಥಾನ ಅಂದರೆ ಜಾಸ್ತಿ ಅನಿಸುತ್ತದೆ. ಆದರೆ ಅಂಕ ನೋಡಿದರೆ 5ಕ್ಕೆ 3.4 ಮತ್ತು 3.3. ಅದು ಸುಮ್ನೆ ಸಂಭ್ರಮ ಪಡುವಷ್ಟು ದೊಡ್ಡ ಅಂತರವೇನಲ್ಲ.

ಕೊರತೆಗಳೂ ಇವೆ. 2018ರ ನಂತರ ಮುಂದಿನದು ಬರಲು ಐದು ವರ್ಷ ಕಾಯಬೇಕಾಯಿತು. ಕಡಲಿಲ್ಲದ ದೇಶಗಳಿಗೂ ಇದರಲ್ಲಿ ಪೆಟ್ಟು ಬೀಳುತ್ತದೆ. ಭೂತಾನಿನ ಕಂಟೇನರ್ ಕೋಲ್ಕತ್ತದಲ್ಲಿ ತಡವಾದರೂ ಕಡಿಮೆಯಾಗುವುದು ಭೂತಾನಿನ ಅಂಕ. ಅದನ್ನು ತರಗತಿಯಲ್ಲಿ ಬಾಯಿಬಿಟ್ಟು ಹೇಳುತ್ತೇನೆ.

ಪ್ರತಿ ವರ್ಷ ಹೊಸ ಅಂಕಿ ಬೇಕು, ದುಡ್ಡೂ ಇದೆ ಎನ್ನುವವರು ಐಎಂಡಿ ತೆಗೆದುಕೊಳ್ಳಲಿ. ನನಗೆ ಬೇಕಾದದ್ದು ಪುಕ್ಕಟೆ ಸಿಗುವ ಒಂದು ಎಕ್ಸೆಲ್ ಫೈಲು ಮತ್ತು ಒಂದು ಸಂಜೆಯ ಕೆಲಸ. ಈ ಸಲ ಸ್ಲೈಡಿನಲ್ಲಿ ರ‍್ಯಾಂಕ್ ಕಾಲಂ ತೆಗೆದು ಅಂಕ ಮತ್ತು ಅದರ ಎರಡು ಮಿತಿಗಳನ್ನು ಹಾಕಿದ್ದೇನೆ. ಪಕ್ಕದಲ್ಲಿ ಆ 1,445 ದಿನವನ್ನೂ ಬರೆದಿದ್ದೇನೆ.